ಏಳು ಗಂಟೆಗೇ ಹೊರಟ ಬ್ಯಾಗು

ಆ ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿಗೆ ನಾನು ಸೇಲಂಗೆ ಹೊರಡಬೇಕಿತ್ತು. ಹತ್ತಕ್ಕೆ ಕಾಲೇಜಿನಲ್ಲಿ ನನ್ನ ಮೊದಲ ಭಾಷಣ. ಕಾಲದಲ್ಲಿ ಹಿಂದೆ ಮುಂದೆ ಪ್ರಯಾಣ ಮಾಡುವುದು ವಿಜ್ಞಾನಕ್ಕೆ ಎಂದಾದರೂ ಸಾಧ್ಯವೇ ಎಂಬುದು ವಿಷಯ.

ಆದರೆ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅಜ್ಜಿ ಏಳಕ್ಕೇ ನನ್ನ ಬ್ಯಾಗನ್ನು ಪಕ್ಕದ ಮನೆಯಲ್ಲಿಟ್ಟು ಬಂದರು. ನಮ್ಮಲ್ಲಿ ಇದನ್ನು ಪರಸ್ತಾನ ಎನ್ನುತ್ತಾರೆ. ಒಳ್ಳೆಯ ಗಳಿಗೆಯಲ್ಲಿ ಸಾಮಾನು ಹೊರಟರೆ ಆಳೂ ಹೊರಟಂತೆಯೇ ಲೆಕ್ಕ.

"ನೀನು ಏಳಕ್ಕೇ ಒಂಟೋದೆ ಕಣಪ್ಪ. ಈಗ ಕೂತ್ಕೊಂಡು ಇಡ್ಲಿ ತಿನ್ನು" ಎಂದರು ಅಜ್ಜಿ.

ದಿನಚರಿಯಲ್ಲಿ ಹೊರಟ ಸಮಯ ಏಳು ಎಂದು ಬರೆಯಲೋ ಎಂಟು ಎಂದು ಬರೆಯಲೋ ತಿಳಿಯದೆ ಎರಡನ್ನೂ ಬರೆದೆ.

ಬ್ಯಾಗು ತರಲು ಹೋದರೆ ಪಕ್ಕದ ಮನೆಗೆ ಬೀಗ! ಭಾಷಣದ ಟಿಪ್ಪಣಿಯೆಲ್ಲ ಒಳಗೆ. ಅಜ್ಜಿ ಫೋನು ಮಾಡಿದ ಮೇಲೆ ಆ ಮನೆಯ ಅತ್ತೆ ತೋಟದಿಂದ ಓಡಿ ಬಂದರು.

"ಅಯ್ಯೋ, ನೀನಿನ್ನೂ ಇಲ್ಲೇ ಇದೀಯಾ? ಒಂಟೋದ ಅಂತ ನಿಮ್ಮಜ್ಜಿನೇ ಏಳಿದ್ರಲ್ಲಾ!"

ಅಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಬಂದಾಗ ರಾಹುಕಾಲವೇ ಮುಗಿದಿತ್ತು. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿ, ಹನ್ನೊಂದಕ್ಕೆ ಕಾಲೇಜು ಸೇರಿದೆ. ಪುಣ್ಯಕ್ಕೆ ಮೇಷ್ಟ್ರು ನನ್ನ ಸರದಿಯನ್ನು ಕೊನೆಗೆ ಹಾಕಿದ್ದರು.

ಸಂಜೆ ಅಜ್ಜಿ ಕೇಳಿದರು: "ಏನಂತ ಮಾತಾಡ್ದೆ?"

"ತುಂಬಾ ವೇಗವಾಗಿ ಓಡಿದ್ರೆ ಗಡಿಯಾರ ನಿಧಾನ ಆಗತ್ತೆ. ಅಂಗೆ ಮುಂದಿನ ಕಾಲಕ್ಕೆ ಓಗಬೌದು. ಕಳೆದೋದ ಕಾಲಕ್ಕೆ ಓಗೋ ದಾರಿ ಯಾರ್ಗೂ ಸಿಕ್ಕಿಲ್ಲ ಅಂದೆ."

"ನೋಡಿದ್ಯಾ? ಅದಕ್ಕೇ ಮುಂಚೇನೇ ಒಂಟಿರಬೇಕು ಅನ್ನೋದು" ಎಂದರು ಅಜ್ಜಿ.