ಬಿರುಕು ಬಿಟ್ಟ ನೌಕೆಯ ಆಟ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಜೊತೆಗೆ ಊರಿನ ಒಂದು ಸಣ್ಣ ಪತ್ರಿಕೆಗೆ ವಾರಕ್ಕೊಮ್ಮೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಬರುತ್ತಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಕವನ ಸಂಕಲನಗಳು. ಓದಿ, ಯಾರಿಗೂ ನೋವಾಗದಂತೆ ನಾಲ್ಕು ಮಾತು ಬರೆದು ಕಳಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಒಂದು ದಿನ ಸಂಪಾದಕರು ಪುಸ್ತಕದ ಬದಲು ಒಂದು ವಿಳಾಸ ಕೊಟ್ಟರು.

"ಬೆಂಗಳೂರು ರಸ್ತಿ ಹಿಂದ ಕಂಪ್ಯೂಟರ್ ಕಲಿಸೋ ಕೇಂದ್ರ ಒಂದ ಐತ್ರಿ. ಅಲ್ಲಿ ಕಲಿಸಾವ ಒಬ್ಬಾತ ಕಂಪ್ಯೂಟರಿನಾಗ ಒಂದು ಕತಿ ಕಟ್ಯಾನಂತ. ನೋಡಿ ಬಂದು ಬರೀರಿ."

"ಕತಿ ಬರದಾನೋ, ಆಟ ಮಾಡ್ಯಾನೋ?"

"ಎರಡೂ ಅಂತಾರ. ನನಗಂತೂ ತಿಳೀಲಿಲ್ಲ. ಅದಕ್ಕ ನಿಮಗ ಹೇಳಾಕತ್ತೀನಿ."

ಕೇಂದ್ರವೆಂದರೆ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ಮೇಲಿನ ಕೋಣೆ. ಕೆಳಗೆ ಹೊಲಿಗೆ ಯಂತ್ರಗಳ ಸದ್ದು ನಿಲ್ಲುತ್ತಲೇ ಇರಲಿಲ್ಲ. ಧೂಳು ಬರಬಾರದೆಂದು ಕಿಟಕಿಗಳಿಗೆ ದಪ್ಪ ಪರದೆ, ಚಪ್ಪಲಿ ಹೊರಗೆ. ಒಳಗಿದ್ದ ಕಂಪ್ಯೂಟರುಗಳು ಬಿಸಿಯಾಗಬಾರದೆಂದು ಫ್ಯಾನನ್ನು ಅವುಗಳ ಕಡೆಗೇ ತಿರುಗಿಸಿಟ್ಟಿದ್ದರು. ಮನುಷ್ಯರು ಬೆವರುತ್ತ ಕೂತಿದ್ದರು.

ಆಟ ಕಟ್ಟಿದವನು ಕುರುಗೋಡಿನವನು. ಮೂವತ್ತು ದಾಟಿರಬಹುದು, ಸಣಕಲು ಮೈ. ಮೊದಲು ರೇಡಿಯೋ ರಿಪೇರಿ ಮಾಡಿಕೊಂಡಿದ್ದನಂತೆ. ಆಮೇಲೆ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದು ಇಲ್ಲಿ ಪಾಠ ಹೇಳುತ್ತಿದ್ದ. ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಒಬ್ಬನೇ ಕೂತು ಈ ಆಟ ಮಾಡಿದ್ದ. ಫ್ಲಾಪಿಯನ್ನು ಒಳಗೆ ತಳ್ಳಿ, ಕುರ್ಚಿ ನನಗೆ ಬಿಟ್ಟುಕೊಟ್ಟು, ತಾನು ಬಾಗಿಲ ಹತ್ತಿರ ಹೋಗಿ ನಿಂತ.

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಭಾಷೆ ಕನ್ನಡ, ಲಿಪಿ ಮಾತ್ರ ಇಂಗ್ಲಿಷಿನದು. ಒಂದು ಗ್ರಹದಿಂದ ಇನ್ನೊಂದಕ್ಕೆ ಹೊರಟ ಸಣ್ಣ ನೌಕೆ. ಅದರಲ್ಲಿ ನಾಲ್ವರು: ನೌಕೆ ನಡೆಸುವವನು, ಯಂತ್ರ ಬಲ್ಲವನು, ಒಬ್ಬ ಮುದುಕ, ಒಬ್ಬ ಹೆಂಗಸು. ಆಡುವವರು ಈ ನಾಲ್ವರಲ್ಲಿ ಒಬ್ಬರಾಗಬೇಕು. ನಡುದಾರಿಯಲ್ಲಿ ನೌಕೆ ಬಿರುಕು ಬಿಡುತ್ತದೆ. ಆಮೇಲೆ ಚದುರಂಗದ ಹಾಗೆ: ಒಂದು ಸರದಿ ನಮ್ಮದು, ಒಂದು ಸರದಿ ಬಿರುಕಿನದು. ನಮ್ಮ ಸರದಿ ಬಂದಾಗ ಏನು ಮಾಡುತ್ತೀರಿ ಎಂದು ಯಂತ್ರ ಕೇಳುತ್ತದೆ. ಬಿರುಕು ಮುಚ್ಚಬಹುದು, ನಮ್ಮ ಪಾಲಿನ ಗಾಳಿಯನ್ನು ಇನ್ನೊಬ್ಬರಿಗೆ ಕೊಡಬಹುದು, ಯಾರನ್ನಾದರೂ ಹಿಡಿದುಕೊಳ್ಳಬಹುದು, ಹಿಡಿದವರನ್ನು ಬಿಡಬಹುದು. ಬಿರುಕಿನ ಸರದಿಯಲ್ಲಿ ಅದು ಅಗಲವಾಗುತ್ತದೆ, ಅಷ್ಟೇ.

ಕಾಫಿ ತರಿಸಿ ಕುಡಿಯುವಷ್ಟರಲ್ಲಿ ಆಟ ಮುಗಿದುಹೋಗುತ್ತಿತ್ತು. ನಾನು ಮೂರ್ನಾಲ್ಕು ಸಲ ಆಡಿದೆ. ಪ್ರತಿ ಸಲವೂ ಯಾರಾದರೂ ಸತ್ತರು, ಹೆಚ್ಚಾಗಿ ಆ ಹೆಂಗಸೇ. ಅವಳ ಕೈಯಲ್ಲಿ ಮಾವಿನ ಉಪ್ಪಿನಕಾಯಿಯ ಭರಣಿ ಇತ್ತು, ಅದರಿಂದಾಗಿ ಅವಳಿಗೆ ಕೆಲಸಕ್ಕೆ ಉಳಿದದ್ದು ಒಂದೇ ಕೈ. ಮುದುಕನಂತೂ ಯಂತ್ರ ಬಲ್ಲವನ ಕುತ್ತಿಗೆಗೆ ಜೋತುಬಿದ್ದು ಅವನ ಗಾಳಿಯನ್ನೂ ತಾನೇ ಉಸಿರಾಡುತ್ತಿದ್ದ.

"ಗೆಲ್ಲೋದು ಹೆಂಗ?" ಎಂದು ಕೇಳಿದೆ.

"ಒಮ್ಮೊಮ್ಮಿ ಗೆಲ್ತೀವ್ರಿ," ಅಂದ. "ಅದು ನಮ್ಮ ಕೈಯಾಗಿಲ್ಲ."

"ಮತ್ತ ಆಡೋರಿಗೆ ಕೆಲಸ ಏನು?"

"ಆರಿಸೋದ್ರಿ," ಅಂದ.

ಆ ವಾರ ವಿಮರ್ಶೆ ಬರೆದೆ. ನಮ್ಮ ಕಡೆಯವನೊಬ್ಬ ಯಂತ್ರದೊಳಗೆ ಕನ್ನಡ ಕೂಡಿಸಿದ್ದಾನೆ ಎಂದು ಮೆಚ್ಚಿಕೊಂಡೆ. ಸರದಿಯಿಂದ ಸರದಿಗೆ ಎದೆ ಭಾರವಾಗುತ್ತ ಹೋಗುವುದನ್ನು ಹೇಳಿದೆ. ಗೆಲುವು ಆಡುವವರ ಜಾಣತನದ ಮೇಲೆ ನಿಲ್ಲದಿರುವುದು ದೊಡ್ಡ ಕೊರತೆ ಎಂದೂ ಬರೆದೆ. ನಕ್ಷತ್ರಗಳ ನಡುವೆ ಹೋಗುವ ಹೆಂಗಸಿಗೆ ಮಾವಿನ ಉಪ್ಪಿನಕಾಯಿ ಭರಣಿ ಯಾಕೆ, ಜೀವ ಹೋಗುವಾಗಲೂ ಅದನ್ನು ಬಿಡದ ಹಟ ಯಾಕೆ, ಲೇಖಕರು ಇದನ್ನು ಎಲ್ಲೂ ತಿಳಿಸುವುದಿಲ್ಲ ಎಂದೂ ಸೇರಿಸಿದೆ. ಪತ್ರಿಕೆ ಓದಿ ಅವನು ಕಾಲೇಜಿಗೆ ಬಂದು, "ಸರಿಯಾಗೇ ಬರ್ದೀರಿ ಮೇಡಂ," ಎಂದು ಹೇಳಿ ಹೋದ. ಮುಖದಲ್ಲಿ ಬೇಸರ ಇರಲಿಲ್ಲ.

ಕೆಲವು ದಿನಗಳ ಮೇಲೆ, ಬೆಳಗಿನ ಹೊತ್ತು, ನಮ್ಮ ಮನೆ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಇಳಕಲ್ ಸೀರೆ, ಹಣೆಗೆ ವಿಭೂತಿ, ಕಂಕುಳಲ್ಲಿ ಒಂದು ಚೀಲ. ಹಚ್ಚೊಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಪತ್ರಿಕೆಯ ಕಚೇರಿಗೆ ಹೋಗಿ ನನ್ನ ಮನೆ ಕೇಳಿಕೊಂಡು ಬಂದಿದ್ದರು.

"ಉಪ್ಪಿನಕಾಯಿ ಭರಣಿದು ಬರದಾಕಿ ನೀನ ಏನಬೇ?"

ಹೌದೆಂದೆ. ಒಳಗೆ ಕರೆದು ಕೂರಿಸಿದೆ. ನೀರು ಕೊಟ್ಟರೆ ಲೋಟ ಕೈಯಲ್ಲೇ ಹಿಡಿದು ಕೂತರು.

"ನಮ್ಮೂರ ಸಾಲಿ ಮಾಸ್ತರ ಓದಿ ಹೇಳಿದ. ಎರಡು ಸಲ ಓದಿಸಿದೆ. ಆ ಭರಣಿ ನಂದು ಯವ್ವಾ. ಆ ಹೆಣ್ಮಗಳು ನನ್ನ ಮಗಳು."

ಅವರು ಹೇಳಿದ್ದು ಇದು. ಆ ಕಂಪ್ಯೂಟರಿನವನು ಅವರ ಅಳಿಯ. ಮದುವೆಯಾದ ಮರು ವರ್ಷ, ಮಳೆಗಾಲದಲ್ಲಿ, ಗಂಡ ಹೆಂಡತಿ ಇಬ್ಬರೂ ಹಚ್ಚೊಳ್ಳಿಗೆ ಬಂದು, ಅಲ್ಲಿಂದ ಹೊಳೆಯಾಚೆಯ ಊರಲ್ಲಿದ್ದ ಅವಳ ಅಕ್ಕನ ಮನೆಗೆ ಹೊರಟಿದ್ದರು. ತುಂಗಭದ್ರೆ ತುಂಬಿತ್ತು. ಹರಿಗೋಲಿನಲ್ಲಿ ಇದ್ದವರು ಅವರಿಬ್ಬರು, ಹುಟ್ಟು ಹಾಕುವವನು, ದಾರಿಯಲ್ಲಿ ಹತ್ತಿದ ಯಾರೋ ಒಬ್ಬ ಮುದುಕ. ನಡುಹೊಳೆಯಲ್ಲಿ ಹರಿಗೋಲು ಬಂಡೆಗೆ ಬಡಿದು ಮಗುಚಿತು. ಅಳಿಯನಿಗೆ ಈಜು ಬರುತ್ತಿತ್ತು. ಅವನು ಆ ಮುದುಕನನ್ನು ದಡ ಮುಟ್ಟಿಸಿದ. ಮಗಳ ಹೆಣ ಸಿಕ್ಕಿದ್ದು ಎಷ್ಟೋ ಕೆಳಗೆ.

"ಕಟಗೊಂಡ ಹೆಂಡತಿನ್ನ ಬಿಟ್ಟು ಯಾರ್ನೋ ಉಳಿಸಿದ ಅಂತ ಊರೆಲ್ಲ ಅಂದ್ರು. ನಾನೂ ಅಂದೆ. ಅಕಿ ತಿಥಿ ದಿನದ ಊಟಕ್ಕ ಬಂದವನ್ನ ಹೊಸ್ತಿಲ ದಾಟಗೊಡಲಿಲ್ಲ. ಅಂದಿನಿಂದ ಅವನ ಮುಖ ನೋಡಿಲ್ಲ." ಲೋಟವನ್ನು ನೆಲದ ಮೇಲೆ ಇಟ್ಟರು. "ಅದನ್ನ ನನಗ ತೋರಿಸು."

ಬೇಡವೆಂದು ಹೇಳಿ ನೋಡಿದೆ. ಅದು ಬರೀ ಆಟ, ಅಕ್ಷರ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದೆ. ಅವರು ಆಗಲೇ ಎದ್ದು ನಿಂತಿದ್ದರು. ಆಟೋ ಹಿಡಿದು ಹೋದೆವು.

ಮೆಟ್ಟಿಲು ಹತ್ತಿ ಬಂದ ಅತ್ತೆಯನ್ನು ನೋಡಿ ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕಲಿಯಲು ಬಂದವರನ್ನು ಮನೆಗೆ ಕಳಿಸಿದ. ಕಾಲಿಗೆ ಬೀಳಲು ಬಗ್ಗಿದರೆ ಅವರು ಹಿಂದೆ ಸರಿದು, ನನ್ನ ಕಡೆ ತಿರುಗಿ ಹೇಳಿದರು: "ಅದನ್ನ ಹಚ್ಚು ಅನ್ನು ಅವಗ."

ಹಚ್ಚಿದ. ನಾನು ಅವರ ಪಕ್ಕದಲ್ಲಿ ಕೂತು ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುತ್ತ ಹೋದೆ. ನಾಲ್ವರಲ್ಲಿ ನೀವು ಯಾರು ಎಂದು ಯಂತ್ರ ಕೇಳಿತು.

"ನನ್ನ ಮಗಳು," ಅಂದರು.

ನಾನು ಕೀಲಿ ಒತ್ತಿದೆ. ಬಿರುಕು ಬಿಟ್ಟಿತು. ನಮ್ಮ ಸರದಿ ಬಂತು. ಮಾಡಬಹುದಾದದ್ದನ್ನೆಲ್ಲ ಓದಿ ಹೇಳಿದೆ.

"ಭರಣಿ ಬಿಡೋದು ಯಾವುದು?"

ನಾನು ಹುಡುಕಿದೆ. ಇರಲಿಲ್ಲ. ಅವನ ಕಡೆ ನೋಡಿದೆ.

"ಅದನ್ನ ಇಟ್ಟಿಲ್ರಿ," ಎಂದು ಅವನು ನನಗೆ ಹೇಳಿದ.

"ಯಾಕ ಇಟ್ಟಿಲ್ಲ, ಕೇಳು."

"ಅಕಿ ಬಿಡಲಿಲ್ರಿ. ನಾ ಕೂಗಿದೆ, ಬಿಡು, ಎರಡೂ ಕೈಲೆ ಹರಗೋಲ ಹಿಡಿ ಅಂತ. ಬಿಡಲಿಲ್ಲ. ಎದಿಗೆ ಅವಚಿಗೊಂಡಿದ್ದಳು."

ಸರದಿ ನಮ್ಮದೇ ಆಗಿದ್ದರಿಂದ ಯಂತ್ರ ಕಾದಿತ್ತು.

"ಅಕ್ಕನ ಮನಿ ಮುಟ್ಟೂತನ ಕೈ ಬಿಡಬ್ಯಾಡ, ಒಡದುಗಿಡದೀತು ಅಂತ ನಾನ ಹೇಳಿದ್ದೆ," ಅಂದರು ಅತ್ತೆ. "ಸಣ್ಣಾಕಿದ್ದಾಗಿಂದ ಅಕಿ ಹಂಗ. ಒಂದು ಮಾತು ಹೇಳಿದ್ರ ಹೇಳಿದಂಗ ಮಾಡಾಕಿ."

ಆ ಸಲದ ಆಟ ಬೇಗ ಮುಗಿಯಿತು. ಹೆಂಗಸು ಸತ್ತಳೆಂದು ಪರದೆ ಹೇಳಿದ್ದನ್ನು ನಾನು ಓದಲಿಲ್ಲ. ಅವರೂ ಕೇಳಲಿಲ್ಲ.

"ಈಗ ನನ್ನ ಇವನ್ನ ಮಾಡು," ಅಂದರು. ಅಳಿಯನ ಕಡೆ ಬೆರಳು ಮಾಡಿ ಅಲ್ಲ, ಬರೀ ಗದ್ದ ಎತ್ತಿ.

ಯಂತ್ರ ಬಲ್ಲವನ ಪಾತ್ರ ಆರಿಸಿದೆ. ಮುದುಕ ಕುತ್ತಿಗೆಗೆ ಜೋತುಬಿದ್ದ. ಹೆಂಗಸು ದೂರ ಸರಿಯುತ್ತಿದ್ದಾಳೆ ಎಂದು ಅಕ್ಷರ ಮೂಡಿತು.

"ಅವನ್ನ ಬಿಡು."

"ಯಾರನ್ನ?"

"ಆ ಮುದುಕನ್ನ. ಬಿಡು."

ಒತ್ತಿದೆ. ಮುದುಕ ಹೋದ. ಅದೃಷ್ಟವೋ ಏನೋ, ಆ ಸಲ ಹೆಂಗಸು ಕೈಗೆ ಸಿಕ್ಕಳು. ನೌಕೆ ಗ್ರಹ ಮುಟ್ಟಿತು. ಅವಳು ಇಳಿದು ನಡೆದಳು ಎಂದು ನಾನು ಓದಿದೆ. ಅತ್ತೆ ಮುಂದಕ್ಕೆ ಬಾಗಿ, ತಮಗೆ ಓದಲು ಬಾರದ ಆ ಹಸಿರು ಸಾಲನ್ನೇ ನೋಡಿದರು. ಪರದೆ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಮತ್ತ ಹಚ್ಚು."

ಮತ್ತೆ ಮೊದಲ ಸರದಿಗೇ ಮುದುಕನನ್ನು ಬಿಡಿಸಿದರು. ಈ ಸಲ ಹೆಂಗಸು ಸಿಗಲಿಲ್ಲ. ಮುದುಕನೂ ಹೋದ, ಅವಳೂ ಹೋದಳು. ಮತ್ತೊಮ್ಮೆ ಹಚ್ಚಿಸಿದರು. ಆಗಲೂ ಹಾಗೇ ಆಯಿತು.

ಅವರು ಕುರ್ಚಿಗೆ ಒರಗಿದರು. ಕೆಳಗೆ ಹೊಲಿಗೆ ಯಂತ್ರಗಳು ಓಡುತ್ತಲೇ ಇದ್ದವು. ಆಮೇಲೆ, ಎಷ್ಟೋ ವರ್ಷಗಳಾದ ಮೇಲೆ ಮೊದಲ ಸಲ, ಅಳಿಯನ ಮುಖ ನೋಡಿ ಮಾತಾಡಿದರು.

"ಅವ ಇನ್ನ ಅದಾನೇನು, ಆ ಮುದುಕ?"

"ಇಲ್ರಿ ಅತ್ತಿ. ಮರು ವರ್ಷ ತೀರಿಕೊಂಡ್ರು. ಮನ್ಯಾಗ, ಮಲಗಿದಲ್ಲೆ."

"ಯಾರವ?"

"ಸಿರಿಗೇರಿ ಕಡೆಯವ್ರು. ಮೊಮ್ಮಗಳನ್ನ ನೋಡಾಕ ಹೊಂಟಿದ್ರು. ನಾ ಅವರನ್ನ ಆರಿಸಲಿಲ್ರಿ. ಅವರ ಕೈ ನನ್ನ ಕುತ್ತಿಗಿಗೆ ಇದ್ದುವು. ಬಿಡಿಸಿಕೊಳ್ಳಾಕ ಬರತಿತ್ತು. ಬಿಡಿಸಿಕೊಳ್ಳಲಿಲ್ಲ. ದಡದ ಕಲ್ಲಿನ ಮ್ಯಾಲ ಅವರನ್ನ ಕೂಡಿಸಿ ತಿರುಗಿದ್ರ ಅಕಿ ಕಾಣಲಿಲ್ಲ."

"ಕೂಗಿದಳಾ?"

ಅವನು ತಲೆ ತಗ್ಗಿಸಿದ. ಇಲ್ಲ ಎನ್ನಲಿಲ್ಲ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಾ ನೋಡು," ಎಂದರು, ನನಗೋ ಅವನಿಗೋ ತಿಳಿಯದ ಹಾಗೆ, "ಯಾರು, ಯಾವೂರು ಅಂತ ಒಂದು ಮಾತು ಕೇಳಲಿಲ್ಲ ಆ ಮುದುಕನ್ನ. ಮೂರು ಸಲ ಬಿಟ್ಟುಬಿಟ್ಟೆ."

ಕರೆಂಟು ಹೋಯಿತು. ಕೆಳಗಿನ ಸದ್ದು ಒಮ್ಮೆಲೇ ನಿಂತು, ಪರದೆ ಕಪ್ಪಾಯಿತು. ಅವನು ಕಿಟಕಿಯ ಪರದೆ ಸರಿಸಿದ. ಬೆಳಕಿನಲ್ಲಿ ಅತ್ತೆ ಚೀಲ ಎತ್ತಿಕೊಂಡು ಎದ್ದರು. ನೀರು ಬೇಕೇ ಎಂದು ಕೇಳಿದ. ಬೇಡ ಎಂದರು. ಮೆಟ್ಟಿಲಿಳಿಯುವಾಗ ಅವನು ಕೈ ಹಿಡಿಯಲು ಹೋದರೆ ಗೋಡೆ ಹಿಡಿದುಕೊಂಡರು.

ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ಅವರ ಊರಿನ ಕಡೆಗೆ ಹೋಗುವ ಸಿರುಗುಪ್ಪದ ಬಸ್ಸು ತಡವಾಗಿತ್ತು. ಕಲ್ಲಿನ ಬೆಂಚಿನ ಮೇಲೆ ಕೂತು ಅವರು ಒಂದೇ ಒಂದು ಮಾತು ಕೇಳಿದರು: "ಹೊಳಿ ಅಂತ ಬರೀದ ಆಕಾಶ ಅಂತ ಯಾಕ ಬರದ?" ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಆಗ ಗೊತ್ತಿರಲಿಲ್ಲ. ಮನಸ್ಸು ಹಗುರಾಯಿತೇ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಅವರ ಮುಖ ನೋಡಿದರೆ ಕೇಳುವುದೂ ಬೇಕಿರಲಿಲ್ಲ. ಬರುವಾಗ ಅವರಿಗೆ ದ್ವೇಷ ಮಾಡಲು ಒಬ್ಬ ಮನುಷ್ಯ ಇದ್ದ. ಹೋಗುವಾಗ ಅವನೂ ಇರಲಿಲ್ಲ.

ಅವರು ಕೇಳಿದ್ದನ್ನು ಆಮೇಲೆ ನಾನು ಅವನಿಗೆ ಕೇಳಿದೆ. "ಮೊದಲು ಹೊಳಿ ಅಂತಲೇ ಸುರು ಮಾಡಿದ್ದೆ ಮೇಡಂ," ಅಂದ. "ನೀರು ಅಂತ ಬರಿಯಾಕ ಹೋದ್ರ ಬೆರಳ ಓಡ್ತಿರಲಿಲ್ಲ. ಆಕಾಶದಾಗ ನೀರಿಲ್ಲಲ್ಲ, ಅದಕ್ಕ ಅಲ್ಲಿಗೆ ಒಯ್ದೆ." ಭರಣಿಯೊಂದನ್ನು ಮಾತ್ರ ಬದಲಿಸಲು ಆಗಲಿಲ್ಲವಂತೆ. ಬೇರೆ ಏನೇನೋ ಇಟ್ಟು ನೋಡಿದನಂತೆ, ಯಾವುದೂ ಒಗ್ಗಲಿಲ್ಲ.

ಸಂಪಾದಕರು ಆ ಆಟದ ಬಗ್ಗೆ ಇನ್ನೊಂದು ಲೇಖನ ಕೇಳಿದರು. ಓದುಗರು ವಿಚಾರಿಸುತ್ತಿದ್ದಾರೆ ಎಂದರು. ನಾನು ಬರೆಯಲಿಲ್ಲ. ಆ ಕೇಂದ್ರವೂ ಬಹಳ ದಿನ ನಡೆಯಲಿಲ್ಲ. ಕೆಳಗಿನ ಕಾರ್ಖಾನೆಯವರೇ ಮಹಡಿಯನ್ನು ತೆಗೆದುಕೊಂಡು ಅಲ್ಲೂ ಹೊಲಿಗೆ ಯಂತ್ರ ಹಾಕಿದರು. ಫ್ಲಾಪಿಗೆ ಬೂಷ್ಟು ಹಿಡಿದು ಆಟ ಓಡದಂತಾಯಿತು ಎಂದು ಅವನು ಹೇಳಿದ. ಮತ್ತೆ ಬರೆಯುವುದಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸಿದ. ಹೈದರಾಬಾದಿಗೆ ಹೋಗುವ ಮೊದಲು ಹೇಳಿಹೋಗಲು ಮನೆಗೆ ಬಂದಾಗ, ಆ ವರ್ಷ ಹೆಂಡತಿಯ ತಿಥಿಗೆ ಹಚ್ಚೊಳ್ಳಿಯಿಂದ ಕರೆ ಬಂದಿತ್ತೆಂದು ತಿಳಿಸಿದ.

"ಹೋದೆ ಏನು?"

"ಹೋಗಿದ್ದೆ ಮೇಡಂ. ಒಳಗ ಕರದ್ರು. ಅಕಿ ಹೆಸರಿಗೆ ಎಡಿ ಹಾಕಿದ ಮ್ಯಾಲ ನನಗೂ ಉಣ್ಣಾಕ ನೀಡಿದ್ರು. ಅತ್ತಿ ಎದುರಿಗೆ ಕುಂತು ನಾ ಉಣ್ಣೋದನ್ನ ನೋಡಿದ್ರು. ಇನ್ನೊಂದು ರೊಟ್ಟಿ ಹಾಕಿದ್ರು. ಉಂಡು, ಕೈ ತೊಳಕೊಂಡು ಬಂದೆ."