ಎಂಜಿನ್ ಕೋಣೆಯ ಭೀಮಪ್ಪ

ಭೀಮಪ್ಪನ ಎಡ ಅಂಗೈ ಮೇಲೆ ಪ್ರತಿ ಬೆಳಿಗ್ಗೆ ಐದು ಇಂಗ್ಲಿಷ್ ಶಬ್ದಗಳಿರುತ್ತಿದ್ದವು. ಬಾಲ್‌ಪೆನ್ನಿನಲ್ಲಿ ಬರೆದುಕೊಂಡು ಎಂಜಿನ್ ಕೋಣೆಗೆ ಇಳಿಯುತ್ತಿದ್ದ. ಪಾಳಿ ಮುಗಿಸಿ ಮೇಲೆ ಬರುವಷ್ಟರಲ್ಲಿ ಬೆವರು, ಎಣ್ಣೆ ಸೇರಿ ಒಂದಕ್ಷರವೂ ಉಳಿದಿರುತ್ತಿರಲಿಲ್ಲ. "ಎಲ್ಲಿ ಹೋದ್ವೋ ನಿನ್ನ ಶಬ್ದ?" ಎಂದು ಯಾರಾದರೂ ಚುಡಾಯಿಸಿದರೆ ಎದೆ ತಟ್ಟಿಕೊಂಡು, "ಒಳಗ ಹೋದ್ವು" ಎನ್ನುತ್ತಿದ್ದ. ಆಮೇಲೆ ಐದನ್ನೂ ಅರ್ಥ ಸಮೇತ ಒಪ್ಪಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಎಲ್ಲಾದರೂ ತಪ್ಪುತ್ತಾನೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ.

ನಾವಿಬ್ಬರೂ ನೌಕಾಪಡೆಯ ಒಂದೇ ಹಡಗಿನಲ್ಲಿದ್ದೆವು. ಅವನು ಮೆಕ್ಯಾನಿಕ್, ನಾನು ಹಡಗಿನ ಕಚೇರಿಯ ಗುಮಾಸ್ತ. ನಾನು ಧಾರವಾಡದವನು, ಬ್ಯಾಂಕ್ ನೌಕರನ ಮಗ. ಅವನ ಅಪ್ಪ ಅವ್ವ ವಿಜಯಪುರದ ಕಡೆಯಿಂದ ಬಂದು ಗೋವೆಯ ವಾಸ್ಕೋದಲ್ಲಿ ಹಮಾಲಿ ಮಾಡಿದವರು. ಅಲ್ಲಿನ ಬಾಯ್ನಾ ಕಡಲದಂಡೆಯ ಮನೆಗಳನ್ನು ಸರ್ಕಾರ ಕೆಡವಿದಾಗ ಅವರದೂ ಹೋಗಿತ್ತು. ಆ ವರ್ಷ ಅವನು ಪರಿಚಯದವರ ವರಾಂಡದಲ್ಲಿ ಕೂತು ಓದಿ ಹತ್ತನೆಯ ತರಗತಿ ಪಾಸಾದನಂತೆ. ಇಂಥವನು ನನಗಿಂತ ಮುಂದೆ ಹೋದಾನೆಂಬ ಯೋಚನೆ ನನಗೆ ಮೊದಲು ಬಂದೇ ಇರಲಿಲ್ಲ. ಬಂದ ಮೇಲೆ ಅದು ಹೋಗಲೂ ಇಲ್ಲ.

ದಡ ಕಾಣದ ತಿಂಗಳುಗಳಲ್ಲಿ ನಾವೆಲ್ಲ ಇಸ್ಪೀಟು ಆಡುತ್ತಿದ್ದೆವು, ನೋಡಿದ ಸಿನಿಮಾಗಳನ್ನೇ ಮತ್ತೆ ನೋಡುತ್ತಿದ್ದೆವು. ಅವನು ಅಂಚೆ ಮೂಲಕ ಪದವಿ ಮಾಡಿಕೊಂಡ. ಬೆಳಿಗ್ಗೆ ಡೆಕ್ಕಿನ ಮೇಲೆ ಓಡುತ್ತಿದ್ದ. ಓಡಲು ಜಾಗ ಸಾಲದಾಗ ನಿಂತಲ್ಲೇ ಕುಪ್ಪಳಿಸುತ್ತಿದ್ದ. ನಾನೂ ಅವನಿಗೆ ತಿಳಿಯದಂತೆ ಒಂದು ಪುಸ್ತಕ ತರಿಸಿದ್ದೆ. ಇಪ್ಪತ್ತು ಪುಟ ದಾಟಲಿಲ್ಲ.

ಹಡಗು ಗೋವೆಯಲ್ಲಿದ್ದಾಗ ಭಾನುವಾರ ಅವನು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನಾನು ಹೇಳಿಕೊಟ್ಟರೆ ಅಳುತ್ತಿದ್ದ ನನ್ನ ಮಗಳು ಅವನ ಪಕ್ಕದಲ್ಲಿ ಕೂತು ಭಿನ್ನರಾಶಿ ಲೆಕ್ಕಗಳನ್ನು ನಗುನಗುತ್ತ ಬಿಡಿಸಿದಳು. ನನ್ನ ಹೆಂಡತಿ ರೊಟ್ಟಿ ಬಡಿಸುತ್ತ, "ರೀ, ಅವರಂಗ ನೀವೂ ಒಂದೀಟು ಓದಬಾರದೇನ್ರಿ?" ಎಂದಳು.

"ವೈನಿ, ನಿಮ್ಮ ಯಜಮಾನ್ರು ಹುಟ್ಟಿನಿಂದನ ಶಾಣ್ಯಾರು. ತಿಕ್ಕಿ ತಿಕ್ಕಿ ಹೊಳಪು ತರೂದು ನಮ್ಮಂಥಾವರಿಗೆ" ಎಂದ ಭೀಮಪ್ಪ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳ ತೆಗೆಯಬಹುದಿತ್ತು.

ನಾವಿಕರು ಪರೀಕ್ಷೆ ಬರೆದು ಅಧಿಕಾರಿಯಾಗಲು ಒಂದು ದಾರಿಯಿದೆ, ವಯಸ್ಸಿನ ಮಿತಿಯೊಂದಿಗೆ. ನಾನು ಬರೆದು ಸೋತಿದ್ದೆ. ಮರುವರ್ಷ ಭೀಮಪ್ಪನ ಸರದಿ ಬಂತು. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಅದೇ ಕೊನೆಯ ಅವಕಾಶ. ಅರ್ಜಿ ನನ್ನ ಮೇಜಿಗೆ ಬಂತು. ಶಾಲೆಯ ಪ್ರಮಾಣಪತ್ರದಲ್ಲಿ ಅವನ ಅಪ್ಪನ ಹೆಸರು ಹನುಮಪ್ಪ ಎಂದಿತ್ತು, ಸೇವಾ ದಾಖಲೆಯಲ್ಲಿ ಹನುಮಂತಪ್ಪ. ತಪ್ಪು ಕಂಡಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗೀಟು ಹಾಕುವುದು ನನ್ನ ಅಭ್ಯಾಸ. ಹಾಕಿದೆ. ಹಡಗು ಹೊರಡಲು ಇನ್ನೂ ಎರಡು ದಿನವಿತ್ತು. ಕರೆದು ಹೇಳಿದ್ದರೆ ವಾಸ್ಕೋದಲ್ಲಿ ವಕೀಲರೊಬ್ಬರ ಬಳಿ ಅಫಿಡವಿಟ್ ಮಾಡಿಸಿ ತರುತ್ತಿದ್ದ. ಒಂದು ಮಧ್ಯಾಹ್ನದ ಕೆಲಸ. ಹೇಳಲಿಲ್ಲ. ಲಕೋಟೆಗೆ ಹಾಕಿ ಅಂಟಿಸಿದೆ. ಕೆಟ್ಟದ್ದು ಮಾಡುತ್ತಿದ್ದೇನೆ ಅನಿಸಲಿಲ್ಲ. ನಾನೇನೂ ಮಾಡುತ್ತಿಲ್ಲವಲ್ಲ ಅನಿಸಿತು.

ಮೂರು ತಿಂಗಳ ಮೇಲೆ ಗೋವೆಗೆ ಮರಳಿದಾಗ, ಹೆಸರು ತಾಳೆಯಾಗದ್ದಕ್ಕೆ ಅರ್ಜಿ ತಿರಸ್ಕೃತವಾಗಿ ಬಂದಿತ್ತು. ನಾನೇ ಅವನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದ. ಪೆನ್ಸಿಲ್ ಗೀಟಿನ ಮೇಲೆ ಹೆಬ್ಬೆರಳಿಟ್ಟು ನನ್ನನ್ನು ನೋಡಿದ. ಹಡಗಿನಲ್ಲಿ ಆ ಗೀಟು ಯಾರದೆಂದು ಎಲ್ಲರಿಗೂ ಗೊತ್ತು. ನನ್ನ ಮೇಜಿನಿಂದ ರಬ್ಬರ್ ತೆಗೆದುಕೊಂಡು ಅದನ್ನು ಅಳಿಸಿದ.

"ಕಾಗದ ಹೊಲಸಾಗಿತ್ತು" ಎಂದು ಮಡಚಿ ಕಿಸೆಗೆ ಹಾಕಿಕೊಂಡು ಹೋದ.

ಅವನು ಓದುವುದನ್ನು ಬಿಟ್ಟಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇನೋ. ಬಿಡಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿದೆ: "ಇನ್ನ್ಯಾಕ ಓದ್ತಿಯೋ? ಪರೀಕ್ಷಾ ಅಂತೂ ಮುಗೀತಲ್ಲ."

"ಪರೀಕ್ಷಾ ಸಲುವಾಗಿ ಅಷ್ಟ ಓದಿದ್ದಿಲ್ಲ. ಓದೂದು ಬಿಟ್ಟೆ ಅಂದ್ರ ಈ ಕಬ್ಬಿಣದಾಗ ನಾನೂ ಒಂದು ಕಬ್ಬಿಣ ಆಕ್ಕೇನಿ" ಎಂದ. ಸೇವೆಗೆ ಹದಿನೈದು ವರ್ಷ ತುಂಬಿದ್ದೇ ಬಿಡುಗಡೆ ತೆಗೆದುಕೊಂಡ. ನಾನು ಸೇವೆ ಮುಂದುವರಿಸಲು ಬರೆದುಕೊಟ್ಟೆ.

ಈ ಸಲ ಸಮುದ್ರಕ್ಕೆ ಹೊರಡುವ ಹಿಂದಿನ ದಿನ ಅವನನ್ನು ಹುಡುಕಿಕೊಂಡು ಗೋವೆಯ ಒಳನಾಡಿನ ಕೆಪೆಗೆ ಹೋದೆ. ತೋಟಗಳ ಪಂಪ್‌ಸೆಟ್ ರಿಪೇರಿ ಮಾಡುವ ಸಣ್ಣ ಶೆಡ್ಡು ಹಾಕಿಕೊಂಡಿದ್ದ. ಹೊಟ್ಟೆ ಸ್ವಲ್ಪ ಬಂದಿತ್ತು. ಪಕ್ಕದ ಮನೆಯ ಕ್ರಿಶ್ಚಿಯನ್ ಮುದುಕರ ಬಳಿ ಪಿಟೀಲು ಕಲಿಯುತ್ತಿದ್ದೇನೆ, ಇನ್ನೂ ಬೆಕ್ಕು ಕೂಗಿದಂತೆ ಕೇಳುತ್ತದೆ ಎಂದು ನಕ್ಕ. ಶೆಡ್ಡಿನ ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ ನಾನು ಹೇಳಿಬಿಟ್ಟೆ: "ಅರ್ಜಿಯೊಳಗಿನ ತಪ್ಪು ನನಗ ಮೊದಲ ಗೊತ್ತಿತ್ತು ಭೀಮಪ್ಪ. ಬೇಕಂತನ ಸುಮ್ಮನಿದ್ದೆ."

"ಗೊತ್ತೈತಿ. ಹದಿನೈದು ದಿನಾ ನಿನ್ನ ಹೊಡೀಬೇಕು ಅನಕೋತ ತಿರಗಾಡಿದ್ದೆ. ಆಮ್ಯಾಲೆ ಅದೂ ಬ್ಯಾಸರಾತು."

"ಆಫೀಸರ್ ಆಗಿದ್ರ..."

"ಚಲೋ ಆಗ್ತಿತ್ತು. ಇಲ್ಲ ಅನ್ನಾಂಗಿಲ್ಲ. ಅವ್ವ ನೋಡಿ ಸಾಯ್ತಿದ್ಲು." ಅವನು ಗ್ಲಾಸು ಕೆಳಗಿಟ್ಟ. ನಾನು ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ, ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಯಾರದೋ ಪಂಪು ಕೆಟ್ಟಿತ್ತು. ಕೊಂಕಣಿಯಲ್ಲಿ, ಇವತ್ತಾಗುವುದಿಲ್ಲ, ನಾಳೆ ಬರುತ್ತೇನೆ ಎಂದು ಹೇಳಿ ಇಟ್ಟ.

"ಯಾಕ, ಆರಾಮಿಲ್ಲೇನು?" ಎಂದೆ.

"ಆರಾಮದೇನಿ. ಇವತ್ತ ಹೋಗಾಕ ಮನಸಿಲ್ಲ, ಅಷ್ಟ."

ಸೇವೆಗೆ ಸೇರಿದಾಗಿನಿಂದ ನಾನು ಯಾರಿಗೂ ಹೇಳದ ಮಾತು ಅದು. ಅವನ ಪದವಿ, ಇಂಗ್ಲಿಷು, ನನ್ನ ಮಗಳಿಗೆ ಅವನೊಂದಿಗಿದ್ದ ಸಲಿಗೆ, ಇವೆಲ್ಲಕ್ಕೂ ಪಟ್ಟ ಹೊಟ್ಟೆಕಿಚ್ಚು ಒಂದಾದರೆ, ಆ ಒಂದು ಮಾತಿಗೆ ಪಟ್ಟಿದ್ದೇ ಬೇರೆ. ಈಗ, ನಾಲ್ಕೂ ಕಡೆ ನೀರಿನ ನಡುವೆ, ನನ್ನ ದಿನವನ್ನು ಗಂಟೆಗಂಟೆಗೂ ಇನ್ನೊಬ್ಬರು ಹಂಚಿಕೊಡುವಾಗ, ಅದು ಇನ್ನೂ ಉರಿಯುತ್ತಿದೆ.

ಅವತ್ತು ಸಂಜೆ ಆರಕ್ಕೆ ನಾನು ಹಡಗಿನಲ್ಲಿರಬೇಕಿತ್ತು. ಎದ್ದೆ. ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಅವನು ಆ ಬೆಂಚಿನ ಮೇಲೆಯೇ ಇದ್ದ. ಕಾಲು ಚಾಚಿ ಕೂತು ಇನ್ನೊಂದು ಚಹಾ ಹೇಳುತ್ತಿದ್ದ.