ಪ್ರತಿ ಸಾಲನ್ನೂ ಓದಿಸುತ್ತಿದ್ದ ಪೂವಯ್ಯಜ್ಜ

ಪೂವಯ್ಯಜ್ಜನ ಹೆಸರು ಕೆಡಿಸಿದ್ದು ನಮ್ಮ ಬೆಳೆಗಾರರ ಸಂಘದ ಆಡಳಿತ ಮಂಡಳಿ. ಕೆಡಿಸಿದ್ದು ಗಾಳಿಮಾತಿನಿಂದಲ್ಲ, ಮೊಹರು ಒತ್ತಿದ ಸುತ್ತೋಲೆಯಿಂದ. "ಸದಸ್ಯರ ಕಂಪ್ಯೂಟರುಗಳಿಗೆ ವೈರಸ್ ಹರಡುತ್ತಿರುವ ಖಾಸಗಿ ರಿಪೇರಿಯವರನ್ನು ಮನೆಗೆ ಸೇರಿಸಬಾರದು" ಎಂದು ಅದರಲ್ಲಿತ್ತು. ಯಾರ ಹೆಸರೂ ಇರಲಿಲ್ಲ. ಚೆಟ್ಟಳ್ಳಿಯ ಸುತ್ತ ಮನೆಮನೆಗೆ ಹೋಗಿ ಕಂಪ್ಯೂಟರ್ ಸರಿಮಾಡುತ್ತಿದ್ದವರು ಒಬ್ಬರೇ ಆದ್ದರಿಂದ ಹೆಸರಿನ ಅಗತ್ಯವೂ ಇರಲಿಲ್ಲ. ಆ ಪೀಡೆಯನ್ನು ಮನೆಮನೆಗೆ ಹಂಚಿದ್ದು ಸ್ವತಃ ಸಂಘವೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಬೇಕಾದ ದಿನ ಹೇಳಲಿಲ್ಲ. ಆದ್ದರಿಂದ ಈ ಆರೋಪಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಅಜ್ಜ ಯಾರ ಮನೆಗೆ ಬಂದರೂ ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಕಂಪ್ಯೂಟರಿನ ಬೆನ್ನಿಂದ ಇಂಟರ್ನೆಟ್ಟಿನ ವಯರನ್ನು ಕಿತ್ತು ತನ್ನ ಕೋಟಿನ ಜೇಬಿಗೆ ಹಾಕಿಕೊಳ್ಳುವುದು. ಕುಶಲ, ಕಾಫಿ ಎಲ್ಲ ಆಮೇಲೆ. ಎಪ್ಪತ್ತು ದಾಟಿದ ಸಣಕಲು ದೇಹ, ದಾರ ಕಟ್ಟಿದ ಕನ್ನಡಕ, ಕಂಕುಳಲ್ಲಿ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸ್ಕ್ರೂಡ್ರೈವರುಗಳ ಜೊತೆ ಮರದ ಹಿಡಿಯ ಒಂದು ಹಳೆಯ ಬ್ರಷ್ ಇರುತ್ತಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಎಸ್ಟೇಟ್ ಬಂಗಲೆಗಳಿಗೆ ವಾಲ್ವ್ ರೇಡಿಯೋಗಳು ಬರುತ್ತಿದ್ದ ಕಾಲದಲ್ಲಿ, ಮಡಿಕೇರಿಯಲ್ಲಿ ಕೊಂಡ ಬ್ರಷ್ ಅದು.

ಆ ಕಾಲದ ಒಂದು ಕಥೆಯನ್ನು ಅವರು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದರು. ಒಬ್ಬ ಸಾಹುಕಾರರ ರೇಡಿಯೋ ಮಳೆಗಾಲವಿಡೀ ಗರಗರ ಎನ್ನುತ್ತಿತ್ತಂತೆ. ದೋಷ ಆಕಾಶವಾಣಿಯದೆಂದು ಅವರು ಪತ್ರದ ಮೇಲೆ ಪತ್ರ ಬರೆಸಿದರಂತೆ. ಅಜ್ಜ ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಇಲಿಯ ಗೂಡು. ಗೂಡಿಗೆ ಹಾಸಿದ್ದು ಅದೇ ಪತ್ರಗಳ ನಕಲಿನ ಚೂರು. "ಹೊರಗಿನವರನ್ನು ಬೈಯುವ ಮೊದಲು ಹಲಗೆ ಬಿಚ್ಚಬೇಕು" ಎಂದು ಅಲ್ಲಿಗೆ ಕಥೆ ಮುಗಿಸುತ್ತಿದ್ದರು.

ನಮ್ಮ ಮನೆಗೆ ಅವರು ಬಂದದ್ದು ಬ್ರಾಡ್‌ಬ್ಯಾಂಡ್ ಬಂದ ಮರುವರ್ಷ. ನಾನು ಮೈಸೂರಿನಿಂದ ರಜೆಗೆ ಬಂದಿದ್ದೆ. ಅಪ್ಪ ಕಂಪ್ಯೂಟರಿನ ಪರದೆಗೆ ಟವೆಲ್ ಹೊದಿಸಿ ಕುಳಿತಿದ್ದರು.

"ಕರಿಮೆಣಸಿನ ರೇಟ್ ನೋಡ್ಲಿಕ್ಕೆ ಕೂತ್ರೆ ಅರೆಬಟ್ಟೆ ಹೆಂಗಸ್ರು ಬರ್ತಾರೆ ಪೂವಯ್ಯಣ್ಣ. ಮುಚ್ಚಿದಷ್ಟೂ ಬರ್ತಾರೆ. ನಿನ್ನೆ ಬೀಗರ ಎದುರೇ ಬಂದ್ರು."

"ಟವೆಲ್ ಹೊದಿಸಿದ್ರೆ ಅವರಿಗೆ ಬೆಚ್ಚಗಾಗ್ತದೆ, ಅಷ್ಟೆ" ಎಂದು ಅಜ್ಜ ವಯರು ಕಿತ್ತು ಜೇಬಿಗಿಳಿಸಿದರು.

ಒಳಗಿದ್ದ ಪ್ರೋಗ್ರಾಮುಗಳನ್ನೆಲ್ಲ, ಅವು ಬಂದ ದಿನದ ಪ್ರಕಾರ, ಅಜ್ಜ ಸಾಲಾಗಿ ನಿಲ್ಲಿಸಿದರು. ಅವರ ಪದ್ಧತಿಯೇ ಅದು. ಕಳ್ಳನ ಮುಖ ನೋಡಬೇಡ, ಬಂದ ದಿನ ನೋಡು ಎನ್ನುತ್ತಿದ್ದರು. ಬಳಿಕ ಪರದೆಯ ಮೇಲೆ ಬೆರಳಿಟ್ಟರು. "ಈ ಐದೂ ಒಂದೇ ದಿನ ಬಂದವು. ಆ ದಿನ ಮನೇಲಿ ಎಂತ ಆಯ್ತು?"

ಅಮ್ಮ ಕ್ಯಾಲೆಂಡರ್ ನೋಡಿ, ಅಂದು ಸಂಘದಿಂದ ಸೀಡಿ ತಂದದ್ದು ಎಂದರು. ಕಾಫಿ, ಮೆಣಸಿನ ದಿನದ ಧಾರಣೆ ತೋರಿಸುವ ಪ್ರೋಗ್ರಾಮು. ಸಂಘ ಸದಸ್ಯರಿಗೆಲ್ಲ ಪುಕ್ಕಟೆ ಹಂಚಿದ್ದು. ಅದನ್ನು ಹಾಕಿದವಳು ನಾನು.

"ಹಾಕುವಾಗ ಓದಿದ್ಯಾ?"

"ಸಂಘದ್ದಲ್ವಾ ಅಜ್ಜ, ಓದ್ಲಿಕ್ಕೆ ಎಂತ ಉಂಟು? ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿದೆ."

"ನೀನು ಮೈಸೂರಲ್ಲಿ ಎಂತ ಓದುದು?"

"ಇಂಗ್ಲಿಷ್ ಎಂ.ಎ."

"ಹಂಗಾದ್ರೆ ನಿಂಗೆ ಕಷ್ಟ. ನಂಗೆ ಇಂಗ್ಲಿಷ್ ಸರಿ ಬರುದಿಲ್ಲ, ಅದಕ್ಕೇ ಒಂದೊಂದು ಅಕ್ಷರ ನೋಡ್ತೇನೆ."

ಐದನ್ನೂ ಒಂದೊಂದಾಗಿ ಕಿತ್ತರು. ಪ್ರತಿ ಬಾರಿ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರು. ಮೂರನೆಯದು ಮತ್ತೆ ಎದ್ದು ಬಂತು. ಅವರು ಬೇಸರಿಸಲಿಲ್ಲ, ಕಂಪ್ಯೂಟರ್ ಏಳುವಾಗಲೇ ಅದನ್ನು ಎಬ್ಬಿಸುವ ಕಡತ ಎಲ್ಲಿ ಅಡಗಿದೆ ಎಂದು ಹುಡುಕಿ, ಮೊದಲು ಅದನ್ನು ತೆಗೆದರು. ಕೆಲಸ ಮುಗಿದ ಮೇಲೆ ಮಾಡಿದ್ದು ನನಗೆ ವಿಚಿತ್ರವಾಗಿ ಕಂಡಿತು. ಅದೇ ಸೀಡಿಯನ್ನು ಪುನಃ ಹಾಕಿದರು. "ಏ ಗೂಡೆ, ಈಗ ಗಟ್ಟಿಯಾಗಿ ಓದು. ಕನ್ನಡದಲ್ಲಿ ಹೇಳು. ನೀನು ಹೇಳದೆ ನಾನು ಒತ್ತುದಿಲ್ಲ." ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುತ್ತೇವೆ, ಅವರ ಬಾಯಲ್ಲಿ ಆ ಮಾತು ಒಮ್ಮೊಮ್ಮೆ ಮುದ್ದು, ಒಮ್ಮೊಮ್ಮೆ ಏಟು.

ಓದಿದೆ. ನಾಲ್ಕನೆಯ ಪುಟದ ತಳದಲ್ಲಿ, ಸಾಸಿವೆಯಂಥ ಅಕ್ಷರದಲ್ಲಿ, ಬೇರೆ ಸಂಸ್ಥೆಗಳ ಜಾಹೀರಾತು ಪ್ರೋಗ್ರಾಮುಗಳನ್ನೂ ಜೊತೆಗೆ ಹಾಕಿಕೊಳ್ಳಲು ನನ್ನ ಒಪ್ಪಿಗೆ ಇದೆ ಎಂದಿತ್ತು. ಪಕ್ಕದ ಚೌಕದಲ್ಲಿ ಗುರುತು.

"ಗುರುತು ಹಾಕಿದ್ದು ಯಾರು?"

"ಮೊದಲೇ ಇತ್ತು ಅಜ್ಜ."

ಅವರು ಆ ಗುರುತನ್ನು ಒತ್ತಿ ಅಳಿಸಿದರು. "ಇಲಿ ಹೇಳದೆ ಕೇಳದೆ ನುಗ್ತಿತ್ತು. ಇವು ನಮ್ಮ ಬಾಯಿಂದಲೇ ಹೌದು ಅನ್ನಿಸಿ ಬರ್ತವೆ."

ಮುಂದಿನ ವಾರಗಳಲ್ಲಿ ಅವರು ಹೋದ ಮನೆಗಳಲ್ಲೆಲ್ಲ ಅದೇ ಐದು ಪೀಡೆ, ಬಂದದ್ದು ಅದೇ ಸೀಡಿ ಹಾಕಿದ ದಿನ. ಎಲ್ಲರದೂ ಒಂದೇ ಉತ್ತರ: ಸಂಘದ್ದಲ್ವಾ. ಮಡಿಕೇರಿಯ ಅಂಗಡಿಯ ತೂಕವನ್ನು ಎರಡು ಸಲ ನೋಡುವ ಜನ, ಮೂರು ತಲೆಮಾರಿನಿಂದ ತಮ್ಮ ಕಾಫಿಯನ್ನು ಮಾರಲು ಕೊಟ್ಟು ಬಂದ ಸಂಘದ ಕಾಗದವನ್ನು ಮಾತ್ರ ಓದುವುದಿಲ್ಲ. ಓದುವುದು ಅವಮಾನವೆಂದು ತಿಳಿಯುತ್ತಾರೆ. ಅಜ್ಜ ಸಂಘದ ಕಚೇರಿಗೆ ಹೋಗಿ, ಈ ಸೀಡಿ ಹಂಚುವುದನ್ನು ನಿಲ್ಲಿಸಿ ಎಂದರು. ಅದಕ್ಕೆ ಸಿಕ್ಕ ಉತ್ತರವೇ ಆ ಸುತ್ತೋಲೆ.

ಮಹಾಸಭೆಗೆ ಅವರು ಸೀಡಿ ಹಿಡಿದುಕೊಂಡೇ ಬಂದರು. ಅಪ್ಪನ ಜೊತೆ ನಾನೂ ಹೋಗಿದ್ದೆ.

"ಪೂವಯ್ಯ, ನಿನ್ನ ರೇಡಿಯೋ ಕಾಲ ಮುಗೀತು ಮಾರಾಯ" ಎಂದರು ಅಧ್ಯಕ್ಷರು. ಸಭೆ ನಕ್ಕಿತು. "ನೀನೇ ಹಾಕುದು, ನೀನೇ ತೆಗಿಯುದು. ಒಳ್ಳೆ ಕಸುಬು."

"ಇದನ್ನು ಸಂಘದ ಕಂಪ್ಯೂಟರಿಗೆ ಹಾಕಿ, ನಾಲ್ಕನೇ ಪುಟ ಒಂದನ್ನು ಇಲ್ಲೇ ಓದಿಸಿ. ಆಮೇಲೆ ನನ್ನ ಹೊರಗೆ ಹಾಕಿ."

"ಯಾರು ಓದುದು? ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವವರು ಯಾರಾದ್ರೂ ಇದ್ರೆ ಎದ್ದು ಬರ್ಲಿ."

ಅಜ್ಜ ನನ್ನ ಕಡೆ ನೋಡಿದರು. ಹೆಸರು ಕರೆಯಲಿಲ್ಲ, ನೋಡಿದರು ಅಷ್ಟೆ. ಎದ್ದರೆ, ಇಂಗ್ಲಿಷ್ ಎಂ.ಎ. ಓದುವ ನಾನು ನನ್ನ ಮನೆಯಲ್ಲಿ ಓದದೆ ಒತ್ತಿದೆ ಎಂದು ಊರೆದುರು ಒಪ್ಪಬೇಕಿತ್ತು. ನಾನು ತಲೆ ತಗ್ಗಿಸಿ ಸೀರೆಯ ಅಂಚು ನೋಡಿದೆ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಆ ಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಮೈಸೂರಿಗೆ ಹೊರಡುವ ಹಿಂದಿನ ದಿನ ಅವರ ಮನೆಗೆ ಹೋದೆ. ತಗಡಿನ ಪೆಟ್ಟಿಗೆ ಅಟ್ಟ ಸೇರಿತ್ತು. ಅಜ್ಜ ಆ ಬ್ರಷ್ಷಿನಿಂದ ಗೋಡೆ ಗಡಿಯಾರದ ಧೂಳು ತೆಗೆಯುತ್ತಿದ್ದರು. ಕ್ಷಮೆ ಕೇಳಲು ಬಾಯಿ ತೆರೆದೆ, ಅವರು ತಡೆದರು.

"ನನ್ನ ಪರ ಮಾತಾಡು ಅಂತ ನಾನು ನೋಡಿದ್ದಲ್ಲ ಗೂಡೆ. ಓದು ಅಂತ ಮಾತ್ರ."

ಸೀಡಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ತಿಳಿದದ್ದು ಹದಿನೈದು ದಿನಗಳ ಮೇಲೆ. ಸುತ್ತೋಲೆ ಇಂದಿಗೂ ಸಂಘದ ಸೂಚನಾ ಫಲಕದಲ್ಲಿದೆ.

ಸಂಘದ ಮಾನ್ಯ ಅಧ್ಯಕ್ಷರಲ್ಲಿಯೂ ಆಡಳಿತ ಮಂಡಳಿಯಲ್ಲಿಯೂ ನನ್ನ ಕೋರಿಕೆ ಇದು. ಸೀಡಿ ಸಂಘಕ್ಕೂ ಪುಕ್ಕಟೆಯಾಗಿಯೇ ಬಂತು ಎನ್ನುತ್ತೀರಿ. ಯಾರು ಕೊಟ್ಟರು, ಏಕೆ ಕೊಟ್ಟರು, ಹಂಚುವ ಮೊದಲು ನಿಮ್ಮಲ್ಲಿ ಯಾರು ಅದನ್ನು ಓದಿದರು ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಹಂಚಿದ ಸೀಡಿಗಳನ್ನು ಹಿಂತೆಗೆದುಕೊಳ್ಳಿ. ಸುತ್ತೋಲೆಯನ್ನು ಮುಂದಿನ ಮಹಾಸಭೆಯಲ್ಲಿ ರದ್ದುಪಡಿಸಿ. ಹೊರಡಿಸುವಾಗ ಬರೆಯದೆ ಬಿಟ್ಟ ಹೆಸರನ್ನು, ರದ್ದುಪಡಿಸುವಾಗ ಪೂರ್ತಿಯಾಗಿ ಬರೆಯಿರಿ. ಆ ಸಭೆಗೆ ನಾನು ಸೀಡಿಯೊಂದಿಗೆ ಬರುತ್ತೇನೆ. ನಾಲ್ಕನೆಯ ಪುಟವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳುತ್ತೇನೆ. ಪ್ರತಿ ಸಾಲಿಗೂ ತಾವು ಹೌದು ಅಥವಾ ಅಲ್ಲ ಎನ್ನಬೇಕು. ತಾವು ಹೇಳುವ ತನಕ ಮುಂದಿನ ಪುಟಕ್ಕೆ ಹೋಗುವುದಿಲ್ಲ.